ಖಾಲಿ ಲಾರಿಯ ಪರೀಕ್ಷೆ, ತುಂಬಿದ ಲಾರಿಯ ರಸ್ತೆ

ಹೆವಿ ಲೈಸೆನ್ಸ್ ಪರೀಕ್ಷೆಗೆಂದು ಆರ್‌ಟಿಒ ಮೈದಾನಕ್ಕೆ ಬರುವ ಲಾರಿ ಸಾಮಾನ್ಯವಾಗಿ ಖಾಲಿ ಇರುತ್ತದೆ. ಹಗಲು ಹೊತ್ತು, ಮಟ್ಟಸ ನೆಲ, ಪಕ್ಕದಲ್ಲಿ ಬ್ರೇಕ್ ಇನ್‌ಸ್ಪೆಕ್ಟರ್. ಅಭ್ಯರ್ಥಿ ಗಾಡಿ ಚಾಲೂ ಮಾಡಿ ಮುಂದೆ ಎತ್ತುತ್ತಾನೆ, ಗೇರ್ ಬದಲಿಸುತ್ತಾನೆ, ತಿರುವು ತೆಗೆದುಕೊಳ್ಳುತ್ತಾನೆ, ರಿವರ್ಸ್ ತೋರಿಸುತ್ತಾನೆ. ಪಾಸಾದ ಮೇಲೆ ಅವನಿಗೆ ಸಿಗುವ ಕೆಲಸವೇ ಬೇರೆ. ಎರಡು ಆಕ್ಸಲ್‌ನ ಲಾರಿ ಖಾಲಿ ಇದ್ದಾಗ ಆರೇಳು ಟನ್ ತೂಗಿದರೆ, ಹೇರು ಸೇರಿ 18.5 ಟನ್‌ವರೆಗೆ ತೂಗಲು 2018ರ ಅಧಿಸೂಚನೆ ಅವಕಾಶ ಕೊಟ್ಟಿದೆ. ಮೂರು ಆಕ್ಸಲ್ ಆದರೆ 28.5 ಟನ್. ಅಷ್ಟು ಭಾರವನ್ನು ರಾತ್ರಿ, ಮಳೆಯಲ್ಲಿ, ಘಟ್ಟದ ಇಳಿಜಾರಿನಲ್ಲಿ, ನಿದ್ದೆಗೆಟ್ಟ ಕಣ್ಣಿನಲ್ಲಿ ನಿಭಾಯಿಸುವುದನ್ನು ಯಾವ ಪರೀಕ್ಷಕರೂ ಕೇಳಿರುವುದಿಲ್ಲ. 2023ರಲ್ಲಿ ದೇಶದ ರಸ್ತೆಗಳಲ್ಲಿ 1,72,890 ಜನ ಸತ್ತರು. ಇದರಲ್ಲಿ ಲಾರಿಯದ್ದೇ ತಪ್ಪೆಂದು ಹೇಳುತ್ತಿಲ್ಲ, ಎಷ್ಟೋ ಕಡೆ ಲಾರಿ ಚಾಲಕರೂ ಸತ್ತವರ ಪಟ್ಟಿಯಲ್ಲಿದ್ದಾರೆ. ಆದರೆ ಲೈಸೆನ್ಸ್ ಅಳೆಯುವ ಕೌಶಲಕ್ಕೂ ಜೀವ ಉಳಿಸುವ ಕೌಶಲಕ್ಕೂ ನಡುವೆ ದೊಡ್ಡ ಕಂದರವಿದೆ. ಲೈಸೆನ್ಸ್ ಪಡೆಯಲು ಹೊರಟವರು ಅದನ್ನು ಪರೀಕ್ಷೆಗೆ ಮೊದಲೇ ತಿಳಿದಿರಬೇಕು.

ಕಾನೂನಿನ ದಾರಿ ಸರಳವಾಗಿದೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಸಾರಿಗೆ ವಾಹನ ಓಡಿಸಲು ಇಪ್ಪತ್ತು ವರ್ಷ ತುಂಬಿರಬೇಕು. ಲಘು ವಾಹನದ ಲೈಸೆನ್ಸ್ ಸಿಕ್ಕಿ ಕನಿಷ್ಠ ಒಂದು ವರ್ಷ ಆಗುವವರೆಗೆ ಸಾರಿಗೆ ವಾಹನದ ಎಲ್‌ಎಲ್‌ಆರ್ ಕೊಡುವುದಿಲ್ಲ. ವೈದ್ಯರು ಸಹಿ ಮಾಡಿದ ನಮೂನೆ 1ಎ ಬೇಕು, ತರಬೇತಿ ಮುಗಿಸಿದ್ದಕ್ಕೆ ಡ್ರೈವಿಂಗ್ ಸ್ಕೂಲು ಕೊಡುವ ನಮೂನೆ 5 ಬೇಕು. 2019ರ ತಿದ್ದುಪಡಿಯ ನಂತರ ಲೈಸೆನ್ಸ್ ಐದು ವರ್ಷ ನಡೆಯುತ್ತದೆ. ಮೊದಲು ಎಂಟನೇ ತರಗತಿ ಪಾಸಾಗಿರಬೇಕೆಂಬ ನಿಯಮವಿತ್ತು, 2019ರಲ್ಲಿ ಅದನ್ನು ತೆಗೆದರು. ತೆಗೆದದ್ದು ಸರಿ ಎಂದೇ ನನ್ನ ಅಭಿಪ್ರಾಯ. ಶಾಲೆ ಬಿಟ್ಟು ಕ್ಲೀನರ್ ಆಗಿ ಸೇರಿ, ಹತ್ತು ವರ್ಷ ಲಾರಿಯಲ್ಲೇ ಬೆಳೆದವನ ಅನ್ನಕ್ಕೆ ಅಂಕಪಟ್ಟಿ ಅಡ್ಡ ಬರಬಾರದು. ಆದರೆ ಆ ನಿಯಮ ತೆಗೆದ ಮೇಲೆ, ಓದಲು ಬಾರದವರಿಗೂ ದಾಟುವಂತೆ ಕನ್ನಡದಲ್ಲಿ, ಚಿತ್ರದಲ್ಲಿ, ಗಾಡಿಯ ಪಕ್ಕದಲ್ಲೇ ನಿಲ್ಲಿಸಿಕೊಂಡು ಕಲಿಸುವ ಹೊಣೆ ದುಪ್ಪಟ್ಟಾಯಿತು. ಅದನ್ನು ಹೊತ್ತವರು ಕಡಿಮೆ.

ಇನ್ನೊಂದು ಬದಲಾವಣೆ ಇನ್ನೂ ಹಲವರಿಗೆ ಮುಟ್ಟಿಲ್ಲ. 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಲಘು ವಾಹನದ ಲೈಸೆನ್ಸ್ ಇದ್ದವರು ಒಟ್ಟು ತೂಕ 7,500 ಕಿಲೋ ಮೀರದ ಸಾರಿಗೆ ವಾಹನವನ್ನೂ ಓಡಿಸಬಹುದು, ಅದಕ್ಕೆ ಪ್ರತ್ಯೇಕ ಅನುಮತಿ ಬೇಡ ಎಂದು ತೀರ್ಪು ಕೊಟ್ಟಿತು. ವಿಮೆ ಕಂಪನಿಗಳು ಲೈಸೆನ್ಸಿನ ನೆಪ ಹೇಳಿ ಪರಿಹಾರ ನಿರಾಕರಿಸುತ್ತಿದ್ದ ಪ್ರಕರಣಗಳಿಗೆ ಇದರಿಂದ ಉತ್ತರ ಸಿಕ್ಕಿತು, ಸಾವಿರಾರು ಚಾಲಕರ ಹೊಟ್ಟೆಪಾಡಿಗೂ ನೆಲೆ ಸಿಕ್ಕಿತು. ಆದರೆ ಏಳು ಟನ್ ತೂಗುವ ಮಿನಿ ಲಾರಿ ಕಾರಿನ ಹಾಗೆ ನಿಲ್ಲುವುದಿಲ್ಲ. ಕಾರಿನ ಲೈಸೆನ್ಸಿನಲ್ಲೇ ಈ ಗಾಡಿ ಹತ್ತುವವರು ಮುಂದೆ ಹೇಳಲಿರುವ ಪಾಠಗಳಿಂದ ತಮಗೆ ವಿನಾಯಿತಿ ಸಿಕ್ಕಿತೆಂದು ತಿಳಿಯಬಾರದು.

ತರಬೇತಿಯ ಗುಣಮಟ್ಟ ಎತ್ತರಿಸಲು 2021ರ ಜುಲೈ 1ರಿಂದ ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರಗಳ ನಿಯಮ ಜಾರಿಗೆ ಬಂತು. ಮಧ್ಯಮ ಮತ್ತು ಭಾರೀ ವಾಹನಗಳಿಗೆ ಆರು ವಾರಗಳಲ್ಲಿ 38 ಗಂಟೆಗಳ ಪಾಠ, ಸಿಮ್ಯುಲೇಟರ್, ಸ್ವಂತ ಟ್ರ್ಯಾಕ್ ಇರಬೇಕು. ಇಲ್ಲಿ ಪಾಸಾದವರಿಗೆ ಆರ್‌ಟಿಒದಲ್ಲಿ ಮತ್ತೆ ಚಾಲನಾ ಪರೀಕ್ಷೆ ಇಲ್ಲ. ಒಳ್ಳೆಯ ನಿಯಮ. ಆದರೆ ದಿನಗೂಲಿ ಬಿಟ್ಟು ಆರು ವಾರ ಕೂರಲು ಯಾರಿಗೆ ಸಾಧ್ಯ? ಹುಡುಗ ಹತ್ತಿರದ ಸ್ಕೂಲಿನಲ್ಲಿ ಹಣ ಕಟ್ಟುತ್ತಾನೆ, ನಾಲ್ಕು ದಿನ ಸ್ಟಿಯರಿಂಗ್ ಹಿಡಿಯುತ್ತಾನೆ, ನಮೂನೆ 5 ಕೈಗೆ ಬರುತ್ತದೆ. ತರಬೇತಿಯ ಲಾರಿಗೆ ಮರಳಿನ ಮೂಟೆ ಹೇರಿ, ಒಮ್ಮೆಯಾದರೂ ಇಳಿಜಾರಿನಲ್ಲಿ ಇಳಿಸಿ ತೋರಿಸದ ಪಾಠಕ್ಕೆ ಭಾರೀ ವಾಹನದ ಪಾಠ ಎನ್ನುವ ಹೆಸರು ಸಲ್ಲದು. ಹೇರು ಹೊತ್ತ ಗಾಡಿಯಲ್ಲಿ ಕಲಿಸಿ ಎಂದು ಕೇಳುವ ಹಕ್ಕು ಹಣ ಕಟ್ಟಿದವನಿಗಿದೆ. ಕೇಳಲಿ.

ಅಮೆರಿಕದಲ್ಲಿ ಲಾರಿ ಲೈಸೆನ್ಸಿನ ಪ್ರಾಯೋಗಿಕ ಪರೀಕ್ಷೆಯ ಮೊದಲ ಭಾಗವೇ ವಾಹನ ತಪಾಸಣೆ. ಅಭ್ಯರ್ಥಿ ಗಾಡಿಯ ಸುತ್ತ ನಡೆಯುತ್ತ ಒಂದೊಂದು ಭಾಗವನ್ನೂ ತೋರಿಸಿ, ಅದರಲ್ಲಿ ಏನು ನೋಡುತ್ತೇನೆಂದು ಬಾಯಿಬಿಟ್ಟು ಹೇಳಬೇಕು. ಅಲ್ಲಿ ತಪ್ಪಿದರೆ ಸ್ಟಿಯರಿಂಗ್ ಮುಟ್ಟುವ ಮೊದಲೇ ಫೇಲು. ನಮ್ಮಲ್ಲಿ ಇದಕ್ಕೆ ಅಂಥ ಪ್ರತ್ಯೇಕ ಸ್ಥಾನವಿಲ್ಲ, ಆದರೆ ಹಳೆಯ ಚಾಲಕರಲ್ಲಿ ಈ ಶಿಸ್ತು ಇದೆ. ಬೆಳಿಗ್ಗೆ ಗಾಡಿ ಎತ್ತುವ ಮೊದಲು ಅವರು ಟೈರುಗಳನ್ನು ತಟ್ಟಿ ನೋಡುತ್ತಾರೆ, ಜೋಡಿ ಚಕ್ರಗಳ ನಡುವೆ ಕಲ್ಲು ಸಿಕ್ಕಿದೆಯೇ ಎಂದು ಬಗ್ಗಿ ನೋಡುತ್ತಾರೆ, ಚಕ್ರದ ನಟ್ಟುಗಳ ಸುತ್ತ ತುಕ್ಕಿನ ಗೆರೆ ಇಳಿದಿದ್ದರೆ ಸಡಿಲವಾಗಿದೆ ಎಂದು ಗುರುತಿಸುತ್ತಾರೆ. ಬ್ರೇಕಿನ ಏರ್ ಟ್ಯಾಂಕಿನ ತಳದ ನೀರು ಬಿಡುತ್ತಾರೆ. ಏರ್ ತುಂಬಿದ ಮೇಲೆ ಇಂಜಿನ್ ನಿಲ್ಲಿಸಿ, ಬ್ರೇಕ್ ಒತ್ತಿ ಹಿಡಿದು, ಗೇಜಿನ ಮುಳ್ಳು ಇಳಿಯುತ್ತಿದೆಯೇ ನೋಡುತ್ತಾರೆ. ಮುಳ್ಳು ಇಳಿದರೆ ಎಲ್ಲೋ ಸೋರಿಕೆ ಇದೆ. ಎಲ್ಲ ಸೇರಿ ಹತ್ತು ನಿಮಿಷದ ಕೆಲಸ. ಎಫ್‌ಸಿ, ಅಂದರೆ ಗಾಡಿಯ ಯೋಗ್ಯತಾ ತಪಾಸಣೆ, ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಆಗುತ್ತದೆ. ನಡುವಿನ ಅಷ್ಟೂ ದಿನ ಗಾಡಿಯ ಎಫ್‌ಸಿ ಮಾಡುವವನು ಚಾಲಕನೇ.

ಈಗ ಘಟ್ಟದ ವಿಷಯ. ಕರ್ನಾಟಕದಲ್ಲಿ ಲಾರಿ ಕಲಿಯುವವರಿಗೆ ಇದಕ್ಕಿಂತ ಮುಖ್ಯ ಪಾಠವಿಲ್ಲ. ಬಯಲುಸೀಮೆಯಿಂದ ಮಂಗಳೂರು, ಕಾರವಾರ, ಗೋವಾ ಕಡೆ ಹೋಗುವ ಪ್ರತಿ ಲಾರಿಯೂ ಸಹ್ಯಾದ್ರಿ ಇಳಿಯಲೇಬೇಕು. ಚಾರ್ಮಾಡಿ, ಆಗುಂಬೆಗಳಲ್ಲಿ ಭಾರೀ ವಾಹನಗಳಿಗೆ ನಿರ್ಬಂಧ ಇರುವುದರಿಂದ ಬೆಂಗಳೂರು–ಮಂಗಳೂರಿನ ಭಾರವೆಲ್ಲ ಶಿರಾಡಿಯ ಮೇಲೆ ಬೀಳುತ್ತದೆ. ಹುಬ್ಬಳ್ಳಿ ಕಡೆಯಿಂದ ಬಂದವರಿಗೆ ಯಲ್ಲಾಪುರ ದಾಟಿದ ಮೇಲೆ ಅರೆಬೈಲ್.

18.5 ಟನ್ನಿನ ಲಾರಿ ನೂರು ಮೀಟರ್ ಎತ್ತರ ಇಳಿದರೆ ಬಿಡುಗಡೆಯಾಗುವ ಶಕ್ತಿ, ಐವತ್ತು ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಸಲು ಸಾಕಾಗುವಷ್ಟು. ಘಟ್ಟದ ಇಳಿತ ನೂರು ಮೀಟರಿಗೆ ಮುಗಿಯುವುದಿಲ್ಲ, ಹಲವು ನೂರು ಮೀಟರ್ ಇರುತ್ತದೆ. ಈ ಶಕ್ತಿ ಎಲ್ಲಿಗಾದರೂ ಹೋಗಬೇಕು. ಗಾಡಿ ಕೆಳಗಿನ ಗೇರಿನಲ್ಲಿದ್ದರೆ, ಎಕ್ಸಾಸ್ಟ್ ಬ್ರೇಕ್ ಹಾಕಿದ್ದರೆ, ದೊಡ್ಡ ಪಾಲನ್ನು ಇಂಜಿನ್ ನುಂಗಿಕೊಳ್ಳುತ್ತದೆ. ಡೀಸೆಲ್ ಉಳಿಯಲೆಂದು ನ್ಯೂಟ್ರಲ್‌ಗೆ ಹಾಕಿದರೆ ಬಹುಪಾಲು ಡ್ರಮ್ಮಿಗೆ, ಲೈನರಿಗೆ ಹೋಗುತ್ತದೆ. ಡ್ರಮ್ ಕಾಯುತ್ತದೆ, ಕಾದು ಹಿಗ್ಗುತ್ತದೆ, ಲೈನರಿನ ಹಿಡಿತ ಕಡಿಮೆಯಾಗುತ್ತದೆ. ಚಾಲಕ ಮತ್ತೆ ಮತ್ತೆ ಒತ್ತುತ್ತಾನೆ, ಒತ್ತಿದಷ್ಟೂ ಏರ್ ಖರ್ಚಾಗುತ್ತದೆ. ‘ಬ್ರೇಕ್ ಫೇಲ್’ ಎಂದು ಮರುದಿನ ಪತ್ರಿಕೆಯಲ್ಲಿ ಬರುವ ಎಷ್ಟೋ ಅಪಘಾತಗಳಲ್ಲಿ ಬ್ರೇಕಿನ ಭಾಗ ಮುರಿದಿರುವುದಿಲ್ಲ. ಎರಡು ಕಿಲೋಮೀಟರ್ ಹಿಂದೆ, ಘಟ್ಟದ ತಲೆಯಲ್ಲಿ, ಗೇರ್ ಲಿವರ್ ಮೇಲೆ ಆದ ನಿರ್ಧಾರ ಅಲ್ಲಿ ಫಲ ಕೊಟ್ಟಿರುತ್ತದೆ.

ಆದ್ದರಿಂದ ಇಳಿತ ಶುರುವಾಗುವ ಮೊದಲೇ ಗೇರ್ ಇಳಿಸಬೇಕು. ಏರಲು ಯಾವ ಗೇರ್ ಬೇಕೋ ಇಳಿಯಲೂ ಅದೇ ಗೇರ್, ಹೇರು ಹೆಚ್ಚಿದ್ದರೆ ಅದಕ್ಕಿಂತ ಒಂದು ಕೆಳಗೆ. ಇಳಿಜಾರಿನ ನಡುವೆ ವೇಗ ಏರಿದ ಮೇಲೆ ಗೇರ್ ಇಳಿಸಲು ಹೋದರೆ ಅದು ಬೀಳದೆ ನ್ಯೂಟ್ರಲ್‌ನಲ್ಲೇ ಉಳಿಯುವ ಅಪಾಯವಿದೆ. ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿಯಬಾರದು. ಗಟ್ಟಿಯಾಗಿ ಒತ್ತಿ, ವೇಗ ಏಳೆಂಟು ಕಿಲೋಮೀಟರ್ ಇಳಿಸಿ, ಪೂರ್ತಿ ಬಿಡಬೇಕು. ಮತ್ತೆ ಏರಿದಾಗ ಮತ್ತೆ ಹಾಗೆಯೇ. ಬಿಟ್ಟ ಹೊತ್ತಿನಲ್ಲಿ ಡ್ರಮ್ಮಿಗೆ ಗಾಳಿಯಾಡುತ್ತದೆ. ಲೈನರ್ ಸುಟ್ಟ ವಾಸನೆ ಬಂದರೆ ಅದು ಎಚ್ಚರಿಕೆಯ ಕೊನೆಯ ಮಾತು. ಅಗಲ ಜಾಗ ನೋಡಿ ನಿಲ್ಲಿಸಿ, ತಣಿಯುವವರೆಗೆ ಕಾಯಬೇಕು. ಕಿರಿದಾದ ಘಟ್ಟದಲ್ಲಿ ಎದುರು ಗಾಡಿ ಏರಿ ಬರುತ್ತಿದ್ದರೆ ಇಳಿಯುವವನೇ ದಾರಿ ಬಿಡಬೇಕೆಂದು ಚಾಲನಾ ನಿಯಮಾವಳಿಯೂ ಹೇಳುತ್ತದೆ.

ಟ್ಯಾಂಕರ್ ಓಡಿಸುವವರಿಗೆ ಇದಕ್ಕಿಂತ ಬಿಗಿಯಾದ ನಿಯಮಗಳಿವೆ, ಇರಲೇಬೇಕು. ಅರ್ಧ ತುಂಬಿದ ಟ್ಯಾಂಕಿನೊಳಗೆ ದ್ರವ ಅಲೆಯಾಗಿ ಹೊಯ್ದಾಡುತ್ತದೆ. ತಿರುವಿನಲ್ಲಿ ಗಾಡಿಯನ್ನು ಹೊರಕ್ಕೆ ತಳ್ಳುತ್ತದೆ, ಬ್ರೇಕ್ ಹಾಕಿದ ಮೇಲೂ ಮುಂದಕ್ಕೆ ನೂಕುತ್ತದೆ. 2013ರ ಏಪ್ರಿಲಿನಲ್ಲಿ ಉಪ್ಪಿನಂಗಡಿ ಸಮೀಪದ ಪೆರ್ನೆಯಲ್ಲಿ ಅಡುಗೆ ಅನಿಲದ ಟ್ಯಾಂಕರ್ ಉರುಳಿ ಹೊತ್ತಿಕೊಂಡಾಗ ರಸ್ತೆ ಬದಿಯ ಮನೆಗಳವರೂ ಬಲಿಯಾದರು. ಅಪಾಯಕಾರಿ ಸರಕು ಸಾಗಿಸುವವರಿಗೆ ಮೂರು ದಿನಗಳ ವಿಶೇಷ ತರಬೇತಿ, ಲೈಸೆನ್ಸಿಗೆ ಮೂರೇ ವರ್ಷದ ಅವಧಿ, ನವೀಕರಣಕ್ಕೆ ಮತ್ತೆ ಒಂದು ದಿನದ ಪಾಠ ಕಡ್ಡಾಯ. ಸ್ಪೀಡ್ ಗವರ್ನರನ್ನು ಸಾಮಾನ್ಯ ಲಾರಿಗೆ 80ಕ್ಕೆ ಕಟ್ಟಿದರೆ, ಟ್ಯಾಂಕರ್, ಡಂಪರ್‌ಗಳಿಗೆ 60ಕ್ಕೇ ಕಟ್ಟುತ್ತಾರೆ. ಗವರ್ನರ್ ಬಿಚ್ಚಿಸಿಕೊಂಡು ಓಡಿಸುವವರು ಪೆರ್ನೆಯ ಆ ಬೆಳಗನ್ನು ನೆನೆಯಲಿ.

ನಾಲ್ಕು ಪಥದ ಹೆದ್ದಾರಿಯಲ್ಲಿ ಅಂತರವೇ ಪ್ರಾಣ. 80ರ ವೇಗದಲ್ಲಿ ಲಾರಿ ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ಕಣ್ಣು ಕಂಡು ಕಾಲು ಒತ್ತುವುದರೊಳಗೇ ಮೂವತ್ತು ಮೀಟರ್ ಕಳೆದಿರುತ್ತದೆ. ತುಂಬಿದ ಗಾಡಿ ಪೂರ್ತಿ ನಿಲ್ಲಲು ಒಣ ರಸ್ತೆಯಲ್ಲೂ ಒಟ್ಟು ತೊಂಬತ್ತು ಮೀಟರ್ ಹತ್ತಿರ ಬೇಕು, ಮಳೆಯಲ್ಲಿ ಇನ್ನೂ ಹೆಚ್ಚು. 2024ರ ಡಿಸೆಂಬರಿನಲ್ಲಿ ನೆಲಮಂಗಲ ಬಳಿ ಕಂಟೇನರ್ ಲಾರಿಯೊಂದು ಕಾರಿನ ಮೇಲೆ ಉರುಳಿ ಒಂದೇ ಕುಟುಂಬದ ಆರು ಜನ ಸತ್ತರು. ಮುಂದಿನ ಕಾರು ಹಠಾತ್ತನೆ ಬ್ರೇಕ್ ಹಾಕಿತು, ತಪ್ಪಿಸಲು ಹೋದೆ ಎಂದು ಚಾಲಕ ಹೇಳಿದ್ದಾಗಿ ವರದಿಯಾಗಿತ್ತು. ಎತ್ತರದ ಗಾಡಿಯನ್ನು ವೇಗದಲ್ಲಿ ಪಕ್ಕಕ್ಕೆ ಎಳೆದರೆ ಅದು ಉರುಳುತ್ತದೆ. ಎಳೆಯುವ ಪ್ರಸಂಗವೇ ಬಾರದಷ್ಟು ಅಂತರ ಇಟ್ಟುಕೊಳ್ಳುವುದೊಂದೇ ದಾರಿ. ಆ ಅಂತರದೊಳಗೆ ಕಾರಿನವರು ನುಗ್ಗುತ್ತಾರೆ ಎಂಬುದು ಪ್ರತಿ ಲಾರಿ ಚಾಲಕನ ದೂರು. ದೂರು ನಿಜ. ನುಗ್ಗಿದರೆ ಮತ್ತೆ ಹಿಂದೆ ಸರಿಯಬೇಕು, ಬೇರೆ ಉಪಾಯವಿಲ್ಲ. ಲಾರಿಯ ಮುಂದೆ ತೂರಿ ಬ್ರೇಕ್ ಒತ್ತುವ ಕಾರು ಚಾಲಕರಿಗೆ ಈ ತೊಂಬತ್ತು ಮೀಟರಿನ ಲೆಕ್ಕವನ್ನು ಅವರ ಲೈಸೆನ್ಸ್ ಪರೀಕ್ಷೆಯಲ್ಲೇ ಕೇಳುವುದು ಒಳ್ಳೆಯದು.

ಹೇರಿನ ವಿಷಯದಲ್ಲಿ ಕಾನೂನು ಕಠಿಣವಾಗಿದೆ. ಮಿತಿ ಮೀರಿದ ತೂಕಕ್ಕೆ 20,000 ರೂಪಾಯಿ ದಂಡ, ಹೆಚ್ಚುವರಿ ಪ್ರತಿ ಟನ್ನಿಗೆ 2,000. ಇಷ್ಟಿದ್ದರೂ ಓವರ್‌ಲೋಡ್ ನಿಂತಿಲ್ಲ. ಬಳ್ಳಾರಿ, ಸಂಡೂರು ಸೀಮೆಯಲ್ಲಿ ಅದಿರು ಲಾರಿಗಳು ಮಿತಿ ಮೀರಿ ಹೊತ್ತು ಓಡಿದ್ದನ್ನು ಲೋಕಾಯುಕ್ತ ವರದಿಗಳೇ ದಾಖಲಿಸಿವೆ. ಹೇರುವವನು ಚಾಲಕನಲ್ಲ, ಲಾಭವೂ ಅವನದಲ್ಲ, ಆದರೆ ಚೆಕ್‌ಪೋಸ್ಟಿನಲ್ಲಿ ಸಿಕ್ಕಿಬೀಳುವವನು ಅವನು. ಅವನಿಗೆ ತಿಳಿದಿರಬೇಕಾದ ಒಂದು ಸಾಲು ಮೋಟಾರು ವಾಹನ ಕಾಯ್ದೆಯ 113ನೇ ಸೆಕ್ಷನ್ನಿನಲ್ಲಿದೆ: ಅಧಿಕ ಭಾರದ ಗಾಡಿ ಓಡಿಸಿದವನು ಮಾಲೀಕನಲ್ಲದಿದ್ದರೆ, ಅಪರಾಧ ಮಾಲೀಕನ ಅರಿವಿನಲ್ಲೇ ಅಥವಾ ಆಜ್ಞೆಯಂತೆಯೇ ನಡೆಯಿತೆಂದು ನ್ಯಾಯಾಲಯ ಭಾವಿಸಬಹುದು. ತೂಕದ ಚೀಟಿ ಕೈಯಲ್ಲಿ ಇಟ್ಟುಕೊಂಡು ‘ಇದನ್ನು ಎತ್ತೋದಿಲ್ಲ, ಯಜಮಾನ್ರೆ’ ಎನ್ನಲು ಹೊಸ ಚಾಲಕನಿಗೆ ಈ ಸಾಲು ಬಲ ಕೊಡಬೇಕು. ಹಗ್ಗ, ಬೆಲ್ಟ್ ಬಿಗಿದದ್ದನ್ನು ಹೊರಟು ಸ್ವಲ್ಪ ದೂರ ಹೋದ ಮೇಲೆ ಮತ್ತೊಮ್ಮೆ ನಿಲ್ಲಿಸಿ ನೋಡಬೇಕು. ಅಲುಗಾಟಕ್ಕೆ ಸರಕು ಕುಸಿದು ಹಗ್ಗ ಸಡಿಲವಾಗಿರುತ್ತದೆ.

ಸರಕಿನ ಮೇಲೆ ಜನರನ್ನು ಕೂರಿಸುವುದು ಇದಕ್ಕಿಂತ ಘೋರ. 2025ರ ಜನವರಿ 22ರ ನಸುಕಿನಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ತರಕಾರಿ, ಹಣ್ಣು ಹೊತ್ತು ಹೊರಟಿದ್ದ ಲಾರಿ ಯಲ್ಲಾಪುರ ತಾಲೂಕಿನಲ್ಲಿ ಕಣಿವೆಗೆ ಉರುಳಿ ಕನಿಷ್ಠ ಹತ್ತು ವ್ಯಾಪಾರಿಗಳು ಸತ್ತರು. ಅವರು ಬೇರೆ ಊರಿನ ಸಂತೆಗೆ ಬದುಕು ಕಟ್ಟಲು ಹೊರಟ ಬಡವರು, ಸರಕಿನ ಜೊತೆ ತಾವೂ ಹೋಗದೆ ಅವರಿಗೆ ಗತಿಯಿರಲಿಲ್ಲ. ಬೆಳಗಿನ ಸಂತೆಗೆ ತಲುಪಿಸುವ ಬಸ್ಸು ಇಲ್ಲದ ಕಡೆ ಈ ಪದ್ಧತಿಯನ್ನು ಬರೀ ದಂಡದಿಂದ ನಿಲ್ಲಿಸಲಾಗದು. ಅದು ಸರ್ಕಾರದ ಲೆಕ್ಕ. ಚಾಲಕನ ಲೆಕ್ಕ ಇಷ್ಟೇ: ಹಿಂದೆ ಕೂತವರಿಗೆ ಹಿಡಿಯಲು ಏನೂ ಇಲ್ಲ, ಗಾಡಿ ಮಗುಚಿದರೆ ಮೂಟೆಗಳು ಅವರ ಮೇಲೇ ಬೀಳುತ್ತವೆ.

ಊರೊಳಗಿನ ಅಪಾಯ ಎಡಗಡೆ ಇರುತ್ತದೆ. ಕ್ಯಾಬಿನ್ನಿನ ಎಡ ಮುಂಬದಿ, ಬಂಪರಿನ ಎದುರಿನ ಕೆಲವು ಅಡಿ, ಹಿಂಬಾಗಿಲಿನ ನೇರ ಹಿಂದೆ ಚಾಲಕನ ಕಣ್ಣಿಗೆ ಬೀಳದ ಜಾಗಗಳು. ಎಡಕ್ಕೆ ತಿರುಗುವಾಗ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಿನಲ್ಲಿ ಬರದೆ ಒಳಕ್ಕೆ ಕತ್ತರಿಸುತ್ತದೆ. ಅಲ್ಲಿ ಬೈಕಿನವರು ತೂರಿರುತ್ತಾರೆ. ಹಿಂದೆ ಕ್ಲೀನರ್ ಎಡ ಕಿಟಕಿಯಿಂದ ತಲೆ ಹೊರಹಾಕಿ ಬಾಡಿ ತಟ್ಟಿ ‘ಹೋಲ್ಡೇನ್’ ಎನ್ನುತ್ತಿದ್ದ. ಈಗ ಖರ್ಚು ಉಳಿಸಲೆಂದು ಒಬ್ಬನೇ ಚಾಲಕನನ್ನು ಕಳಿಸುವ ಮಾಲೀಕರು ಹೆಚ್ಚುತ್ತಿದ್ದಾರೆ. ಕ್ಲೀನರ್ ಹೋದ ಜಾಗದಲ್ಲಿ ಕನ್ನಡಿ, ಕ್ಯಾಮೆರಾ ಬರಲೇಬೇಕು. ಅವೂ ಇಲ್ಲದಿದ್ದರೆ ರಿವರ್ಸ್ ತೆಗೆಯುವ ಮೊದಲು ಇಳಿದು ಹಿಂದೆ ನಡೆದು ನೋಡಬೇಕು. ಗೋದಾಮಿನ ಅಂಗಳದಲ್ಲಿ ಆಡುವ ಮಕ್ಕಳಿಗೆ ಗಾಡಿಯ ಹಿಂದಿನ ನೆರಳು ಇಷ್ಟ.

ನಿಂತ ಲಾರಿಯೂ ಕೊಲ್ಲುತ್ತದೆ. ಡಾಬಾ ಎದುರು ರಸ್ತೆಯಂಚಿನಲ್ಲೇ, ಹಿಂದಿನ ದೀಪವಿಲ್ಲದೆ ನಿಲ್ಲಿಸಿದ ಗಾಡಿಗೆ ರಾತ್ರಿ ಕಾರು ಬಂದು ಗುದ್ದಿದ ಸುದ್ದಿ ಎಲ್ಲ ಜಿಲ್ಲೆಯಲ್ಲೂ ಇದೆ. ಹಿಂದೆ ಕೆಂಪು, ಮುಂದೆ ಬಿಳಿ ರಿಫ್ಲೆಕ್ಟರ್ ಪಟ್ಟಿಯನ್ನು ವಾರಕ್ಕೊಮ್ಮೆಯಾದರೂ ಬಟ್ಟೆಯಲ್ಲಿ ಒರೆಸಬೇಕು, ಧೂಳು ಮುಚ್ಚಿದ ಪಟ್ಟಿ ಹೊಳೆಯುವುದಿಲ್ಲ. ಕೆಟ್ಟು ನಿಂತರೆ ತ್ರಿಕೋನವನ್ನು ಸಾಕಷ್ಟು ಹಿಂದೆ, ಬರುವವರಿಗೆ ಮೊದಲೇ ಕಾಣುವಂತೆ ಇಡಬೇಕು. ಅದರ ಬದಲು ಕಲ್ಲು ಜೋಡಿಸಿ, ರಿಪೇರಿ ಮುಗಿದ ಮೇಲೆ ಕಲ್ಲನ್ನು ರಸ್ತೆಯಲ್ಲೇ ಬಿಟ್ಟು ಹೋಗುವ ಚಾಳಿ ಇದೆ. ಆ ಕಲ್ಲಿಗೆ ಸಿಕ್ಕಿ ಬೀಳುವ ಬೈಕ್ ಸವಾರನ ಮುಖ ಚಾಲಕ ಎಂದೂ ನೋಡುವುದಿಲ್ಲ.

ಇಷ್ಟೆಲ್ಲ ಕಲಿತವನನ್ನೂ ನಿದ್ದೆ ಸೋಲಿಸುತ್ತದೆ. ಸೇವ್‌ಲೈಫ್ ಫೌಂಡೇಶನ್ ಎಂಬ ರಸ್ತೆ ಸುರಕ್ಷತಾ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಸುಮಾರು ಅರ್ಧದಷ್ಟು ಲಾರಿ ಚಾಲಕರು ದಣಿದಾಗಲೂ, ನಿದ್ದೆ ಬರುತ್ತಿದ್ದಾಗಲೂ ಓಡಿಸುತ್ತೇವೆ ಎಂದು ಒಪ್ಪಿಕೊಂಡಿದ್ದರು. ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿಯನ್ನು 1961ರಷ್ಟು ಹಿಂದೆಯೇ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಹಾಕಿತ್ತು. ಆದರೆ ಅದು ಅನ್ವಯಿಸಿದ್ದು ಐದು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ. ಒಂದೆರಡು ಲಾರಿ ಇಟ್ಟುಕೊಂಡ ಮಾಲೀಕರೇ ಹೆಚ್ಚಿರುವ ಈ ವ್ಯಾಪಾರದಲ್ಲಿ ಎಷ್ಟೋ ಚಾಲಕರು ಅದರ ಹೊರಗೇ ಉಳಿದರು. ಯುರೋಪಿನಲ್ಲಿ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ ನಲವತ್ತೈದು ನಿಮಿಷ ನಿಲ್ಲಲೇಬೇಕು, ಗಾಡಿಯೊಳಗಿನ ಟ್ಯಾಕೋಗ್ರಾಫ್ ಅದನ್ನು ದಾಖಲಿಸುತ್ತದೆ. ನಮ್ಮಲ್ಲಿ ಜಿಪಿಎಸ್ ಬಂದಿದೆ, ಅದರಲ್ಲಿ ಮಾಲೀಕರು ನೋಡುವುದು ಗಾಡಿ ಯಾಕೆ ನಿಂತಿದೆ ಎಂದು. ಎಷ್ಟು ಹೊತ್ತಿನಿಂದ ನಿಂತಿಲ್ಲ ಎಂದು ನೋಡುವವರು ಬೇಕು.

ಸಂಬಳಕ್ಕಿಂತ ಟ್ರಿಪ್ಪಿನ ಬಾಟಾ ಮೇಲೆ ಬದುಕುವವನಿಗೆ ನಿದ್ದೆ ಎಂದರೆ ನಷ್ಟ. ಕೋಲಾರದ ಟೊಮೆಟೊ, ಬೆಳಗಾವಿಯಿಂದ ಗೋವಾಕ್ಕೆ ಹೋಗುವ ತರಕಾರಿ ಬೆಳಗಾಗುವುದರೊಳಗೆ ಮಾರುಕಟ್ಟೆ ಸೇರದಿದ್ದರೆ ಬೆಲೆ ಬಿದ್ದುಹೋಗುತ್ತದೆ, ಆ ಒತ್ತಡವೆಲ್ಲ ಫೋನಿನಲ್ಲಿ ಚಾಲಕನ ಕಿವಿಗೆ ಬರುತ್ತದೆ. ಆದರೆ ದೇಹ ಮಾರುಕಟ್ಟೆಯ ಮಾತು ಕೇಳುವುದಿಲ್ಲ. ನಡುರಾತ್ರಿ ಎರಡರಿಂದ ಬೆಳಗಿನ ಐದರವರೆಗೆ ಅದು ನಿದ್ದೆ ಬೇಡುತ್ತದೆ, ಮಧ್ಯಾಹ್ನದ ಊಟದ ನಂತರ ಇನ್ನೊಮ್ಮೆ. ಕಣ್ಣು ತೆರೆದೇ ಇರುವಾಗ ಮಿದುಳು ಮೂರ್ನಾಲ್ಕು ಸೆಕೆಂಡು ಮಲಗಿಬಿಡುತ್ತದೆ. 60ರ ವೇಗದ ಲಾರಿ ನಾಲ್ಕು ಸೆಕೆಂಡಿನಲ್ಲಿ 65 ಮೀಟರಿಗೂ ಹೆಚ್ಚು ಹೋಗುತ್ತದೆ. ಹಿಂದೆ ಬಿಟ್ಟ ಊರು ಯಾವುದೆಂದು ನೆನಪಾಗದಿದ್ದರೆ, ಆಕಳಿಕೆ ನಿಲ್ಲದಿದ್ದರೆ, ಗಾಡಿ ಬಿಳಿ ಗೆರೆಯ ಮೇಲೆ ಹರಿದರೆ ಆ ನಿದ್ದೆ ಶುರುವಾಗಿದೆ ಎಂದರ್ಥ. ಟೀ, ಗುಟ್ಕಾ, ಜೋರು ಹಾಡು, ಮುಖಕ್ಕೆ ನೀರು ಅದನ್ನು ಸ್ವಲ್ಪ ಹೊತ್ತು ಮರೆಸುತ್ತವೆ, ತೀರಿಸುವುದಿಲ್ಲ. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಇಪ್ಪತ್ತು ನಿಮಿಷ ಮಲಗಿ, ಎದ್ದು ಹತ್ತು ನಿಮಿಷ ಓಡಾಡಿ ಹೊರಡುವುದು ಕೆಲಸ ಮಾಡುತ್ತದೆ, ಅದೂ ರಾತ್ರಿಯ ಪೂರ್ತಿ ನಿದ್ದೆಗೆ ಬದಲಿಯಲ್ಲ. ಹೊಸ ಲಾರಿಗಳ ಕ್ಯಾಬಿನ್‌ಗೆ ಎಸಿ ಕಡ್ಡಾಯ ಮಾಡುವ ನಿಯಮ 2025ರಲ್ಲಿ ಬಂದಾಗ ಕೆಲವರು ಅದನ್ನು ಐಷಾರಾಮ ಎಂದರು. ಇಂಜಿನ್ನಿನ ಬಿಸಿಯಲ್ಲಿ ಮೇ ತಿಂಗಳ ಮಧ್ಯಾಹ್ನ ರಾಯಚೂರು ಕಡೆ ಓಡಿಸುವವನ ದಣಿವು ಕಂಡವರು ಹಾಗೆ ಹೇಳಲಾರರು.

ಕುಡಿತದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನೂರು ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ ಮೊದಲ ಬಾರಿಗೇ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ರಾತ್ರಿ ಕುಡಿದು ನಸುಕಿನಲ್ಲಿ ಗಾಡಿ ಎತ್ತಿದವನ ರಕ್ತದಲ್ಲೂ ಅದು ಉಳಿದಿರಬಹುದು. ಕಣ್ಣಿನ ಪರೀಕ್ಷೆಯನ್ನೂ ನಮೂನೆ 1ಎಗಾಗಿ ಒಮ್ಮೆ ಮಾಡಿಸಿ ಮರೆಯಬಾರದು, ನಲವತ್ತು ದಾಟಿದ ಮೇಲೆ ವರ್ಷಕ್ಕೊಮ್ಮೆಯಾದರೂ ಬೇಕು.

ಕೊನೆಗೆ, ಯಾರೂ ಕಲಿಸದ ಪಾಠ: ಅಪಘಾತ ಆದ ಮೇಲೆ ಏನು ಮಾಡಬೇಕು? ಗಾಯಾಳುವಿಗೆ ಚಿಕಿತ್ಸೆ ಸಿಗುವಂತೆ ನೋಡಿಕೊಳ್ಳಬೇಕು, ಪೊಲೀಸರಿಗೆ ಆದಷ್ಟು ಬೇಗ, ತಡವಾದರೂ 24 ಗಂಟೆಯೊಳಗೆ ತಿಳಿಸಬೇಕೆಂದು ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್ ಹೇಳುತ್ತದೆ. ಚಾಲಕರು ಓಡಿಹೋಗುವುದು ಬಹಳ ಸಲ ಜನ ಹೊಡೆದು ಸಾಯಿಸುತ್ತಾರೆಂಬ ಭಯದಿಂದ. ಆ ಭಯ ಸುಳ್ಳಲ್ಲ, ಮತ್ತು ಜನರು ದೊಡ್ಡ ಗಾಡಿಯವನದೇ ತಪ್ಪೆಂದು ಮೊದಲೇ ನಿರ್ಧರಿಸಿಬಿಡುತ್ತಾರೆ. ಹೊಸ ಭಾರತೀಯ ನ್ಯಾಯ ಸಂಹಿತೆಯ 106(2)ನೇ ಸೆಕ್ಷನ್, ಸಾವಿಗೆ ಕಾರಣನಾಗಿ ತಿಳಿಸದೆ ಓಡಿಹೋದವನಿಗೆ ಹತ್ತು ವರ್ಷದವರೆಗೆ ಶಿಕ್ಷೆ ಇಟ್ಟಾಗ 2024ರ ಜನವರಿಯಲ್ಲಿ ದೇಶದ ಹಲವೆಡೆ ಚಾಲಕರು ಗಾಡಿ ನಿಲ್ಲಿಸಿದ್ದು ಇದೇ ಕಾರಣಕ್ಕೆ. ಆ ವರ್ಷ ಜುಲೈ 1ರಂದು ಸಂಹಿತೆ ಜಾರಿಗೆ ಬಂದಾಗ ಆ ಉಪಸೆಕ್ಷನ್ನನ್ನು ಮಾತ್ರ ತಡೆಹಿಡಿದರು. 134ನೇ ಸೆಕ್ಷನ್ನಿನ ಹೊಣೆ ಹಾಗೇ ಇದೆ, ಗುಂಪಿನ ಸಿಟ್ಟಿನಂಥ ಕಾರಣಕ್ಕೆ ಸ್ಥಳದಲ್ಲಿ ನಿಲ್ಲಲಾಗದಿದ್ದರೆ ಅದಕ್ಕೂ ಆ ಸೆಕ್ಷನ್ನಿನಲ್ಲೇ ಅವಕಾಶವಿದೆ. ನಿಲ್ಲಲು ಸಾಧ್ಯವೇ ಇಲ್ಲವೆಂದಾದರೆ ಹತ್ತಿರದ ಠಾಣೆಗೆ ನೇರ ಹೋಗಬೇಕು, ದಾರಿಯಲ್ಲೇ 112ಕ್ಕೆ ಕರೆ ಮಾಡಿ ಸ್ಥಳ ಹೇಳಬೇಕು. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಅಧಿಸೂಚಿಸಿದ ಯೋಜನೆಯಂತೆ ಅಪಘಾತದ ಗಾಯಾಳುವಿಗೆ ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ನಗದು ಕಟ್ಟದೆ ಸಿಗುತ್ತದೆ. ಅದು ಎಷ್ಟು ಬೇಗ ಶುರುವಾಗುತ್ತದೆ ಎಂಬುದು ಚಾಲಕ ಮಾಡುವ ಆ ಮೊದಲ ಕರೆಯ ಮೇಲೆ ನಿಂತಿದೆ.